ಮಧ್ಯಾಹ್ನ ಇಳಿದ ಹಿಮ

ಕಂಬದಣ್ಣನನ್ನು ಸೋಮವಾರ ಕೆಲಸದಿಂದ ತೆಗೆದರು. ಹನ್ನೊಂದು ಚಳಿಗಾಲ ಹಿಮನದಿಯ ಮೇಲಿನ ಹವಾಮಾನ ಯಂತ್ರಗಳನ್ನು ನೋಡಿಕೊಂಡವನು. ಹಿಮದ ಎತ್ತರ ಅಳೆಯುವ ಕಂಬದ ಬುಡದಲ್ಲೇ ಕೂತು ಬುತ್ತಿ ಉಂಡ, ಹಿಮ ತುಳಿದ, ಲೆಕ್ಕ ಕೆಡಿಸಿದ—ಇದು ಆರೋಪ.

ವಿಚಾರಣೆಯ ವರದಿ ಬರೆಯುವ ಕೆಲಸ ಉಪಕರಣ ರಿಪೇರಿಯ ಅಕ್ಕನ ತಲೆಗೆ ಬಿತ್ತು. ಅವಳು ಬಂದಾಗ ಹವಾಮಾನ ಕೇಂದ್ರದ ಮುಖ್ಯಸ್ಥರು ಮೇಜಿನ ತುಂಬ ಗ್ರಾಫ್ ಹರಡಿದ್ದರು. ಕಂಬದಣ್ಣ ಬಾಗಿಲ ಬಳಿ ಟೋಪಿ ಹಿಂಡುತ್ತ ನಿಂತಿದ್ದ.

"ನೋಡಮ್ಮ, ಮೂರು ದಿನ. ಮೂರೂ ದಿನ ಮಧ್ಯಾಹ್ನ ಹಿಮ ನಾಲ್ಕು ಬೆರಳು ಇಳಿದಿದೆ. ಮೂರೂ ದಿನ ಇವನು ಅಲ್ಲೇ ಇದ್ದ."

"ಇದ್ಯಾ ಅಣ್ಣಾ?"

"ಇದ್ದೆ ಅಕ್ಕಾ. ಉಂಡಿದ್ದು ನೂರು ಹೆಜ್ಜೆ ಆಚೆ, ಬಂಡೆ ಮೇಲೆ. ಕಂಬದ ಕೆಳಗೆ ಕಾಲಿಡೋಕೆ ನನಗೇನು ತಲೆ ಕೆಟ್ಟಿದೆಯಾ?"

"ಬಂಡೆ ಬಂದು ಸಾಕ್ಷಿ ಹೇಳುತ್ತೇನಯ್ಯ?" ಮುಖ್ಯಸ್ಥರು ನಕ್ಕರು.

ಅಕ್ಕ ನಗಲಿಲ್ಲ. ಅವಳ ಬೆರಳು ಗ್ರಾಫಿನ ಮೇಲೆ ಮಧ್ಯಾಹ್ನ ದಾಟಿ ಸಂಜೆಗೆ ಹೋಗಿ ನಿಂತಿತು.

"ಸಂಜೆ ಹಿಮ ಬಿತ್ತಾ ಸಾರ್?"

"ಎಲ್ಲಿಂದ? ಮೋಡವೇ ಇರಲಿಲ್ಲ. ಗಾಳಿಯೂ ಇಲ್ಲ."

"ಮತ್ತೆ ಇಳಿದ ನಾಲ್ಕು ಬೆರಳು ಸಂಜೆಗೆ ವಾಪಸ್ ಬಂದಿದೆಯಲ್ಲ? ತುಳಿದ ಹಿಮ ಮೈ ಕೊಡವಿ ಏಳುತ್ತಾ?"

ಮುಖ್ಯಸ್ಥರು ಗ್ರಾಫಿನ ಮೇಲೆ ಬಗ್ಗಿದರು.

"ಹಿಮ ಇಳಿದೇ ಇಲ್ಲ ಸಾರ್. ಕಂಬದ ಸೆನ್ಸರ್ ಕೆಳಕ್ಕೆ ಶಬ್ದ ಬಿಡುತ್ತೆ, ಅದು ಹಿಮಕ್ಕೆ ಬಡಿದು ಮರಳೋ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತೆ. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತೆ, ಹಾಗಾಗಿ ಥರ್ಮಾಮೀಟರನ್ನ ಕೇಳಿ ತಿದ್ದಿಕೊಳ್ಳುತ್ತೆ. ಥರ್ಮಾಮೀಟರೇ ಸುಳ್ಳು ಹೇಳಿದರೆ? ಇಲ್ಲದ ಬಿಸಿ ತೋರಿಸಿದರೆ ದೂರ ಹೆಚ್ಚಾಗುತ್ತೆ, ಹಿಮ ತಗ್ಗಿದ ಹಾಗೆ ಕಾಣುತ್ತೆ."

ಅವಳು ಇನ್ನೊಂದು ಹಾಳೆ ಎಳೆದುಕೊಂಡಳು. ಅದರಲ್ಲಿ ಥರ್ಮಾಮೀಟರಿನ ಬಿಳಿ ಗೂಡಿಗೆ ಗಾಳಿ ಊದುವ ಫ್ಯಾನಿನ ವೇಗದ ಸಾಲು. ಹೋದ ವಾರದಿಂದ ಬರೀ ಸೊನ್ನೆ.

"ಫ್ಯಾನ್ ಕೆಟ್ಟಿತ್ತಾ ಅಣ್ಣಾ?"

"ಇಲ್ಲ ಅಕ್ಕಾ. ನಿಂತಿದೆ ಅಂತ ಆಫೀಸಿಗೆ ಫೋನ್ ಮಾಡಿದೆ. ಇರಲಿ ಬಿಡು ಅಂದ್ರು."

"ಬಿಸಿಲಿದ್ದು ಗಾಳಿ ಇಲ್ಲದ ದಿನವೇ ಅಣ್ಣ ಮೇಲೆ ಹೋಗೋದು. ಫ್ಯಾನಿಲ್ಲದ ಗೂಡು ಬಿಸಿಲಿಗೆ ಕಾಯೋದೂ ಅಂಥ ದಿನವೇ. ನೀವು ಮನುಷ್ಯನನ್ನ ಮಾತ್ರ ನೋಡಿದ್ರಿ." ಅಕ್ಕ ತಲೆ ಎತ್ತಿದಳು. "ಕೆಡದ ಫ್ಯಾನನ್ನ ನಿಲ್ಲಿಸೋಕಾಗೋದು ಇಲ್ಲಿಂದ ಮಾತ್ರ. ಪಾಸ್‌ವರ್ಡ್ ಇರೋದು ಒಬ್ಬರ ಹತ್ತಿರ—ನಿಮ್ಮ ಹತ್ತಿರ."

ಮುಖ್ಯಸ್ಥರ ದನಿ ತಗ್ಗಿತು. "ಫ್ಯಾನಿಗೂ ಕಂಬದ ಕ್ಯಾಮೆರಾಕ್ಕೂ ಬ್ಯಾಟರಿ ಸಾಲ್ತಿರಲಿಲ್ಲ. ಮೇಲಧಿಕಾರಿಗಳಿಗೆ ಕ್ಯಾಮೆರಾದಲ್ಲಿ ಹಿಮ ತೋರಿಸಬೇಕಿತ್ತು... ಆದದ್ದಾಯ್ತು. ಫ್ಯಾನಿನ ಮಾತು ಬೇಡ. 'ಕೆಲಸಗಾರನ ಅಜಾಗರೂಕತೆ' ಅಂತ ಒಂದೇ ಸಾಲು ಬರೆದುಬಿಡು."

ಪೆನ್ನು ಅವಳ ಕಡೆ ಉರುಳಿ ಬಂತು. ಅಕ್ಕ ಕಂಬದಣ್ಣನ ಕೈ ನೋಡಿದಳು. ಚಳಿಗೆ ಒಡೆದ ಬೆರಳುಗಳು ಟೋಪಿ ಹಿಂಡುವುದನ್ನು ನಿಲ್ಲಿಸಿದ್ದವು.

"ಅಜಾಗರೂಕತೆ ಅಂತ ಬರೀತೀನಿ ಸಾರ್," ಅಂದಳು. "ಇವರ ಹೆಸರಲ್ಲಿ ಬರೆಯೋಲ್ಲ."