ಎತ್ತಿದರೆ ಏಳುವ ಗಳ

"ಆ ಎಡೆ ತಾವಿಕ್ಕೆ ಬರಬ್ಯಾಡ ಅಂತ ಏಳೇ ಕಪ್ಪಿ!... ಆ ಕೈಯಿಂದ ನೀರೂ ಬ್ಯಾಡ ಅಂತ ಏಳು!"

ಗುರುಸಿದ್ದಮ್ಮ ಕೂಗಿದ್ದು ಹಿತ್ತಲಲ್ಲಿ ಮೆಲುಕು ಹಾಕುತ್ತ ನಿಂತಿದ್ದ ಎಮ್ಮೆಗೆ. ಮಾತು ನಾಟಿದ್ದು ಮಾತ್ರ ಕಜ್ಜಾಯದ ತಟ್ಟೆ ಹಿಡಿದು ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದ ಸೊಸೆ ಕುಸುಮಳಿಗೆ. ನಾಲ್ಕು ವರ್ಷದಿಂದ ಶಾಗ್ಯ ಊರಿನ ಆ ಮನೆಯಲ್ಲಿ ಅತ್ತೆಯ ಮಾತು ಸೊಸೆಯನ್ನು ತಲುಪುತ್ತಿದ್ದುದು ಹೀಗೆ, ಎಮ್ಮೆಯ ಮೂಲಕವೇ. ಸಾರಿಗೆ ಉಪ್ಪು ಹೆಚ್ಚಾದರೆ ಕಪ್ಪಿಗೆ ಬೈಗುಳ, ಸ್ನಾನದ ನೀರು ಕಾಯದಿದ್ದರೆ ಕಪ್ಪಿಗೆ ಬೈಗುಳ. ಆ ಮೂಕಪ್ರಾಣಿ ತಾನು ಮಾಡದ ತಪ್ಪಿಗೆಲ್ಲ ಕಿವಿಯಾಡಿಸುತ್ತ ನಿಂತಿರುತ್ತಿತ್ತು. ಕುಸುಮಳೂ ಹಾಗೆಯೇ.

"ಅಬ್ಬದ ದಿನಾನೂ ಇದೇನಾ ಅವ್ವ?" ಗಂಡನ ಊರು ಹೂಗ್ಯಂನಿಂದ ಬಂದಿದ್ದ ಮಗಳು ಪವಿತ್ರ ಗದರಿದಳು. "ಅತ್ಗೆ ಬೆಳಿಗ್ಗೆಯಿಂದ ಒಲೆ ಮುಂದೆ ಬೇಯ್ತಾವ್ಳೆ. ಒಂದು ಚಿಟಿಕೆ ಧೂಪ ಹಾಕಾಕೂ ಬ್ಯಾಡ್ವಾ?"

"ನಿಮ್ಮಪ್ಪನ್ನ ತಿಂದವ್ಳ ಕೈಲಿ ನಿಮ್ಮಪ್ಪನ್ಗೇ ಧೂಪ ಹಾಕ್ಸಾದಾ?"

ಕುಸುಮ ತಟ್ಟೆಯನ್ನು ನಾದಿನಿಯ ಕೈಗಿತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿತ್ತಲಿಗೆ ನಡೆದಳು. ಕಪ್ಪಿಯ ಮುಂದೆ ಒಂದು ಹಿಡಿ ಹುಲ್ಲು ಹಾಕಿ ಅದರ ಕೊರಳು ನೇವರಿಸಿದಳು. ಇಬ್ಬರದೂ ಒಂದೇ ಪಾಡು!

ಹಿರಿಯರ ಹಬ್ಬದ ದಿನವದು. ಗುರುಸಿದ್ದಮ್ಮನ ತೀರಿಹೋದ ಗಂಡ ಗುರುಪಾದಸ್ವಾಮಿಯ ಫೋಟೋದ ಮುಂದೆ ಮಡಿಸಿದ ಹೊಸ ಪಂಚೆ, ಕಳಶ, ಬಾಳೆಯೆಲೆಯ ತುಂಬ ಅವನಿಗೆ ಪ್ರಿಯವಾದ ಕಜ್ಜಾಯ, ಮುದ್ದೆ, ಹುರುಳಿಕಾಳಿನ ಬಸ್ಸಾರು. ಎಡೆ ಇಕ್ಕಿ, ಧೂಪ ಹಾಕಿ, ಬಾಗಿಲು ಮುಂದೆಳೆದು ಎಲ್ಲರೂ ಜಗಲಿಗೆ ಬಂದು ಕೂರಬೇಕು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಒಳಗೆ ಯಾರೂ ಇರಕೂಡದು. ಆಮೇಲೆ ಮನೆಯ ಸೊಸೆ ಮೂರು ಸಲ ಬಾಗಿಲು ತಟ್ಟಿ ತೆಗೆಯುವುದು ಪದ್ಧತಿ. ಗಂಡ ಹೋದ ಮೇಲೆ ಆ ಕೆಲಸವನ್ನೂ ಗುರುಸಿದ್ದಮ್ಮ ತಾನೇ ಮಾಡುತ್ತಿದ್ದಳು. ಸೊಸೆಗೆ ಬಿಟ್ಟಿರಲಿಲ್ಲ.

ಕೊರೊನಾ ಎರಡನೇ ಅಲೆಯ ಆ ಬೇಸಿಗೆಯನ್ನು ಮರೆಯುವುದುಂಟೆ? ಹನೂರಿನ ಸಂತೆ ನಿಂತಿತ್ತು, ಬಸ್ಸು ನಿಂತಿತ್ತು. ಕೂಲಿಯವರ ಒಲೆ ಒಂದು ಹೊತ್ತಷ್ಟೇ ಹೊಗೆಯಾಡುತ್ತಿತ್ತು. ಕೇಳುವವರಿಲ್ಲದೆ ಟೊಮೆಟೊ ಗಿಡದಲ್ಲೇ ಕೊಳೆಯುತ್ತಿತ್ತು. ಮಾದಪ್ಪನ ಬೆಟ್ಟಕ್ಕೂ ಹೋಗುವಂತಿರಲಿಲ್ಲ. ಆಶಾ ಕಾರ್ಯಕರ್ತೆಯಾದ ಕುಸುಮ ಗುಲಾಬಿ ಸೀರೆ ಉಟ್ಟು ಮನೆಮನೆ ತಿರುಗಿ ಜ್ವರ ನೋಡುತ್ತಿದ್ದಳು. ಊರ ಬಾಯಿಗೆ ಬಿದಿರು ಗಳವೊಂದನ್ನು ಅಡ್ಡ ಕಟ್ಟಿಸಿದವಳೂ ಅವಳೇ. ಒಂದು ತುದಿಗೆ ಹಳೆಯ ಗುಂಡುಕಲ್ಲು ಬಿಗಿದಿದ್ದ ಆ ಗಳ ಹೆಂಗಸಿನ ಒಂದೇ ಕೈಗೆ ಏಳುತ್ತಿತ್ತು.

ಅಂಥ ದಿನದಲ್ಲಿ ಚೊಚ್ಚಲ ಬಸುರಿ ಪವಿತ್ರ ಬಾಣಂತನಕ್ಕೆಂದು ತವರಿಗೆ ಬಂದಳು. ಕುಸುಮ ನಾದಿನಿಯನ್ನು ಗಳದ ಬಳಿಯೇ ನಿಲ್ಲಿಸಿ, "ಹದಿನಾಲ್ಕು ದಿನ ಸ್ಕೂಲ್ ಕ್ವಾಣೇಲಿ ಇರ್ಲಿ ಅತ್ತೆ, ನಾನೇ ನೋಡ್ಕತೀನಿ" ಅಂದಾಗ ಗುರುಸಿದ್ದಮ್ಮ ಬೀದಿಯ ಮಣ್ಣು ತೆಗೆದು ತೂರಿದ್ದಳು. ತುಂಬಿದ ಬಸುರಿ ಶಾಲೆಯ ಬೆಂಚಿನ ಮೇಲೆ ಮಲಗುವುದೆ! ಆದರೆ ಐದನೆಯ ದಿನ ಪವಿತ್ರಳಿಗೆ ಜ್ವರ ಬಂತು. ಅದೇ ಜ್ವರ! ಕುಸುಮ ಅವಳನ್ನು ಆಂಬುಲೆನ್ಸಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದಳು. ವಾರ ಕಳೆದ ಮೇಲೆ ಅಲ್ಲೇ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಕ್ಷೇಮ.

ಮಗು ಹುಟ್ಟಿದ ಮೂರನೆಯ ದಿನ ಬೆಳಿಗ್ಗೆ ಗುರುಪಾದಸ್ವಾಮಿ ಎದೆ ಹಿಡಿದುಕೊಂಡು ಕುಸಿದ. ಕುಸುಮ ಫೋನು ಮಾಡಿದ್ದಕ್ಕೆ ಆಂಬುಲೆನ್ಸೇನೋ ಬೇಗ ಬಂತು. ಆದರೆ ಹಿಂದಿನ ದಿನವಷ್ಟೇ ಗಳದ ಆಚೆಗೆ ರಸ್ತೆಯನ್ನೇ ಕಡಿದು ಆಳುದ್ದದ ಕಂದಕ ತೋಡಲಾಗಿತ್ತು! ಕಾಡಂಚಿನಲ್ಲಿ ಆನೆ ಬಾರದಂತೆ ತೋಡುತ್ತಾರಲ್ಲ, ಅದೇ ಅಳತೆಯದು. ಗಾಡಿ ಆಚೆ, ಮನುಷ್ಯ ಈಚೆ. ಮಂಚದ ಮೇಲೆ ಮಲಗಿಸಿ ಜಾರುಮಣ್ಣಿನಲ್ಲಿ ಇಳಿಸಿ ಹತ್ತಿಸುವಷ್ಟರಲ್ಲಿ... ಉಸಿರು ನಿಂತಿತ್ತು. ಮಣ್ಣಿಗೆ ಇಪ್ಪತ್ತೇ ಜನ. ಹೆತ್ತ ಮಗಳು ಆಸ್ಪತ್ರೆಯಲ್ಲಿ. ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕಲೂ ಅವಳಿಗೆ ಆಗಲಿಲ್ಲ.

ಊರು ಮುಚ್ಚಿಸಿದವಳು ಆಶಾ ಕುಸುಮ, ಅಂದಮೇಲೆ ಕಂದಕ ತೋಡಿಸಿದವಳೂ ಅವಳೇ ಎಂದು ಗುರುಸಿದ್ದಮ್ಮ ತೀರ್ಮಾನಿಸಿದಳು. ಕುಸುಮ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಂದಿನಿಂದ ಮಾತೆಲ್ಲ ಎಮ್ಮೆಗೆ.

ಬಾಗಿಲು ಮುಂದೆಳೆದು ಎಲ್ಲರೂ ಜಗಲಿಯಲ್ಲಿ ಕೂತರು. ಊಟಕ್ಕೆ ಕರೆದಿದ್ದ ದಾಯಾದಿ ಮಂಟೇಸ್ವಾಮಿಯೂ ಬಂದು ಕಂಬಕ್ಕೊರಗಿದ. ಕಾಡಂಚಿನ ಕೆಲಸಗಳಿಗೆ ಜೆಸಿಬಿ ಓಡಿಸುವ ಆಳು. ಬಾಯಿ ತೆರೆದರೆ ತಮಾಷೆ ಮಾಡುವವನು ಈ ಮನೆಯ ಜಗಲಿ ಹತ್ತಿದರೆ ಮಾತ್ರ ತಲೆ ತಗ್ಗಿಸುತ್ತಿದ್ದ.

"ಅಜ್ಜಿ, ಬಾಗ್ಲು ಯಾಕಾಕಿದ್ದು?" ಪವಿತ್ರಳ ಮಗಳು ದೀಪ ಕೇಳಿದಳು.

"ತಾತ ಉಣ್ತಾವ್ರೆ ಕನವ್ವ."

"ತಾತ ಯಾಕ್ ಸತ್ತೋದ್ರು?"

ಗುರುಸಿದ್ದಮ್ಮ ಹಲ್ಲು ಕಡಿದಳು. "ನಿಮ್ಮತ್ತೆ ಇದ್ದಾಳಲ್ಲ, ಗುಲಾಬಿ ಸೀರೆ ದೊರೆಸಾನಿ... ಅವ್ಳು ಗುಂಡಿ ತೋಡ್ಸಿದ್ಳು. ಆ ಗುಂಡಿ ನಿಮ್ ತಾತನ್ನ ನುಂಗ್ತು."

"ದೊಡ್ಡವ್ವಾ!" ಮಂಟೇಸ್ವಾಮಿ ಎದ್ದು ನಿಂತುಬಿಟ್ಟ. "ಸಾಕು ಮಾಡವ್ವ. ಮಗೀಗೂ ಈ ಸುಳ್ಳ ಉಣ್ಣಿಸ್ಬ್ಯಾಡ!"

ಆಗಷ್ಟೇ ನೀರಿನ ಚೊಂಬು ಹಿಡಿದು ಹಿತ್ತಲ ಕಡೆಯಿಂದ ಬಂದ ಕುಸುಮ ಗಾಬರಿಯಾದಳು. "ಮಂಟೇಸ್ವಾಮಿ, ಸುಮ್ಕಿರು! ನನ್ಗೆ ಮಾತು ಕೊಟ್ಟಿದ್ದೀಯ!"

"ನಾಕು ವರ್ಷ ಸುಮ್ಕಿದ್ದೆ ಅತ್ಗೆ. ಇವತ್ತು ಬಾಯಿ ಬುಡ್ದೆ ಇದ್ರೆ ಈ ಮನೆ ಅನ್ನ ನನ್ಗೆ ಇಳಿಯಾಕಿಲ್ಲ." ಅವನು ಗುರುಸಿದ್ದಮ್ಮನ ಕಾಲ ಬಳಿ ಕುಕ್ಕರಿಸಿದ. "ಕಂದಕ ತೋಡಿದ್ದು ನಾನು ದೊಡ್ಡವ್ವ. ತೋಡು ಅಂದದ್ದು ದೊಡ್ಡಪ್ಪ."

"ಏನಂದೆ?"

"ಹೂಂ ಕನವ್ವ. ಯಾರೋ ರಾಮಾಪುರದ ಕಡೇರು ಗಳ ಎತ್ಕಂಡು ಎರಡು ಬೈಕಲ್ಲಿ ಮದ್ವೆ ಊಟಕ್ಕೆ ಬಂದ್ರಲ್ಲ, ಅದ ನೋಡಿ ದೊಡ್ಡಪ್ಪನ ಜೀವ ನಿಲ್ನಿಲ್ಲ. ಬೆಳಿಗ್ಗೆನೇ, ಬೀದೀಲಿ ಯಾರೂ ಇಲ್ದಾಗ ಬಂದು, 'ಲೇ ಮಂಟೇಸ್ವಾಮಿ, ನನ್ ಮಗ್ಳು ಕೂಸು ತಕಂಡು ಬರಾ ಹೊತ್ಗೆ ಊರಲ್ಲಿ ಒಂದು ಸೀನೂ ಇರ್ಕೂಡ್ದು. ಆನೆಗೆ ತೋಡ್ತೀಯಲ್ಲ, ಅಂಗೇ ತೋಡ್ಲಾ' ಅಂದ್ರು. 'ಪವಿತ್ರಕ್ಕ ಎಂಗ್ ಬತ್ತಾಳೆ ದೊಡ್ಡಪ್ಪ?' ಅಂದೆ. 'ನಾನೇ ಅಲಗೆ ಆಕಿ, ಕೂಸ ಎತ್ಕಂಡು ದಾಟಿಸ್ತೀನಿ ಕಣ್ಲಾ' ಅಂತ ನಕ್ಕಿದ್ರು... ಅತ್ಗೆ ಓಡ್ಬಂದು ಬ್ಯಾಡ ಬ್ಯಾಡ ಅಂತ ಕೈ ಮುಗುದ್ಳು. 'ಗಳ ಎತ್ತಿದ್ರೆ ಏಳ್ತದೆ ಮಾವ, ಕಂದಕ ಏಳ್ತದಾ?' ಅಂದ್ಳು. ದೊಡ್ಡಪ್ಪ ಕೇಳ್ನಿಲ್ಲ."

ಪವಿತ್ರ ಬಾಯಿಗೆ ಸೆರಗು ತುಂಬಿಕೊಂಡು ಬಿಕ್ಕಿದಳು. "ನನಗೋಸ್ಕರವಾ... ಅಪ್ಪ ನನಗೋಸ್ಕರ ತೋಡ್ಸಿದ್ರಾ..."

ಗುರುಸಿದ್ದಮ್ಮ ನಿಧಾನವಾಗಿ ತಲೆಯೆತ್ತಿದಳು. ಅವಳ ಕಣ್ಣು ಹಿತ್ತಲ ಕಡೆಗಲ್ಲ, ಎಮ್ಮೆಯ ಕಡೆಗೂ ಅಲ್ಲ, ನೇರ ಸೊಸೆಯ ಮುಖಕ್ಕೇ ಹೋಯಿತು.

"ಯಾಕ್ ಈ ಮಾತ ನನ್ಗೆ ಏಳ್ನಿಲ್ಲ ನೀನು?"

"ಅಜ್ಜಿ ಅತ್ತೆನೇ ಮಾತಾಡ್ಸ್ತು!" ದೀಪ ಚಪ್ಪಾಳೆ ತಟ್ಟಿದಳು. "ಕಪ್ಪಿನ ಬುಟ್ಟು ಅತ್ತೆನೇ ಮಾತಾಡ್ಸ್ತು!"

ಕುಸುಮ ಚೊಂಬನ್ನು ಜಗಲಿಯ ಮೇಲಿಟ್ಟಳು. "ಎಂಗ್ ಏಳ್ಲಿ ಅತ್ತೆ... ಮಾವನ ಮೇಲೆ ಕ್ವಾಪ ಮಾಡ್ಕಂಡ್ರೆ ನೀವ್ ಯಾರ್ ತಾವ ಓಯ್ತಿದ್ರಿ? ಸತ್ತೋರ್ನ ಬೈದ್ರೆ ಅವ್ರು ಬಂದು ಸಮಾಧಾನ ಮಾಡಾರಾ? ನಾನಾದ್ರೆ ಮನೇಲೇ ಇದ್ದೆ... ಬೈಸ್ಕಳಾಕೆ. ಪವಿತ್ರನೂ ತನ್ನಿಂದ್ಲೇ ಅಪ್ಪ ಸತ್ತೋದ್ರು ಅಂತ ಕೊರಗ್ತಿದ್ಳು." ಮತ್ತೆ ಹೇಳಿದಳು. "ನನ್ ತಪ್ಪೂ ಐತೆ ಅತ್ತೆ. ಊರ್ಗೆಲ್ಲ ಮುಚ್ಚಾದ ಏಳ್ಕೊಟ್ಟೆ. ಯಾವಾಗ ತೆಗೀಬೇಕು, ಯಾರಿಗೆ ತೆಗೀಬೇಕು ಅನ್ನಾದ ಅಷ್ಟೇ ಗಟ್ಟಿಯಾಗಿ ಏಳ್ಕೊಡ್ನಿಲ್ಲ. ಭಯ ಮಾತ್ರ ಮಾವನ ಎದೇಲಿ ಕೂತ್ಕತು."

ಗುರುಸಿದ್ದಮ್ಮ ಕಣ್ಣು ಮುಚ್ಚಿದಳು. ಗಳದ ಬಳಿ ಕೈ ಮುಗಿದು ನಿಂತ ಸೊಸೆ ಕಂಡಳು. ಆ ಗಳ ಇಲ್ಲದೆ ಪವಿತ್ರ ಅಂದೇ ಒಳಗೆ ಬಂದಿದ್ದರೆ? ಅದೇ ಜ್ವರ ಈ ನಡುಮನೆಯಲ್ಲಿ ಕಾಲು ಚಾಚುತ್ತಿತ್ತು. ತಾನೂ ಇರುತ್ತಿದ್ದೆನೋ ಇಲ್ಲವೋ, ಯಾರು ಬಲ್ಲರು? ಶಾಲೆಯ ಕೋಣೆಯಲ್ಲಿ ಕುಸುಮ ಹೊತ್ತುಹೊತ್ತಿಗೆ ಮೈ ಮುಟ್ಟಿ ನೋಡದಿದ್ದರೆ ಜ್ವರ ತಿಳಿಯುತ್ತಿದ್ದುದು ಯಾವಾಗ? ಈಗ ತನ್ನ ಮಡಿಲಲ್ಲಿ ಬಳೆ ಎಣಿಸುತ್ತಿರುವ ಈ ಕೂಸೆಲ್ಲಿ? ಹೌದು, ಆ ಮುಚ್ಚಿದ ಊರು ತನ್ನ ಗಂಡನನ್ನು ಕಿತ್ತುಕೊಂಡಿತ್ತು. ಆ ನೋವು ಸುಳ್ಳಲ್ಲ, ಮಾಯುವುದೂ ಇಲ್ಲ. ಆದರೆ ಅದೇ ಮುಚ್ಚಿದ ಊರು ಈ ಮೊಮ್ಮಗಳನ್ನು ಕೊಟ್ಟಿತ್ತು. ಎರಡೂ ಒಂದೇ ಬೇಸಿಗೆಯಲ್ಲಿ!

"ಅಯ್ಯೋ ಮಾದಪ್ಪಾ..." ಅವಳ ದನಿ ಒಡೆಯಿತು. "ಕಿತ್ಕಂಡದ್ದನ್ನೇ ನೆನ್ಕಂಡು ನಾಕು ವರ್ಷ ಕಣ್ಣೀರ್ ಆಕ್ದೆ. ಕೊಟ್ಟದ್ದಕ್ಕೆ ಒಂದಿನಾನೂ ಕೈ ಮುಗೀನಿಲ್ವಲ್ಲೋ ನನ್ನಪ್ಪ!"

ಕಂಬ ಹಿಡಿದು ಎದ್ದು ಬಂದು ಸೊಸೆಯ ಎರಡೂ ಕೈ ಹಿಡಿದುಕೊಂಡಳು. ಒಲೆಯ ಬಿಸಿ ಇನ್ನೂ ಆರಿರಲಿಲ್ಲ. ಕಜ್ಜಾಯದ ಎಣ್ಣೆ ಸಿಡಿದು ಬೆರಳ ಮೇಲೆ ಬೊಬ್ಬೆ ಎದ್ದಿತ್ತು. ಮುದುಕಿ ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಹಿರಿಯಳು ಹಾಗೆ ಮಾಡಬಾರದೆಂದು ಕುಸುಮ ಬಿಡಿಸಿಕೊಳ್ಳಲು ನೋಡಿದರೂ ಬಿಡಲಿಲ್ಲ.

"ಅತ್ತೆ... ಬ್ಯಾಡಿ ಅತ್ತೆ..."

"ಸುಮ್ಕಿರು. ನಿಮ್ ಮಾವನ್ನೂ ನಾ ಬೈಯಾಕಿಲ್ಲ ಇನ್ನು. ಆ ಪುಣ್ಯಾತ್ಮ ಕೂಸ ಎತ್ಕಂಡು ಅಲಗೆ ಮೇಲೆ ದಾಟ್ಬೇಕು ಅಂತ ಕಾಯ್ತಿದ್ದ." ಅತ್ತುಕೊಂಡೇ ನಕ್ಕಳು. "ಆ ಕಪ್ಪಿಗೂ ಎರಡು ಕಜ್ಜಾಯ ಆಕು. ನಿನ್ ಪಾಲಿನ ಬೈಗುಳೆಲ್ಲ ತಿಂದದೆ ಪಾಪ."

ಮಂಟೇಸ್ವಾಮಿ ಮೂಗೊರೆಸಿಕೊಂಡ. "ನನ್ಗೆ ದೊಡ್ಡವ್ವ?"

"ನಿನ್ಗೆ ಆಮೇಲೈತೆ ಕಣ್ಲಾ! ದೊಡ್ಡೋರು ಏಳುದ್ರು ಅಂತ ರಸ್ತೆನೇ ಕಡಿಯಾದಾ? ಇನ್ನೊಂದು ಕಾಯ್ಲೆ ಬಂದ್ರೆ ಗಳ ಕಟ್ಟು. ಎತ್ತಿದ್ರೆ ಏಳ್ಬೇಕು, ಅಂಗೆ ಕಟ್ಟು."

ಬಿಸಿಲು ಜಗಲಿಯ ಅಂಚು ಮುಟ್ಟಿತ್ತು. ಒಳಗಿನಿಂದ ಧೂಪದ ವಾಸನೆ ಬಾಗಿಲ ಸಂದಿಯಲ್ಲಿ ತೆಳ್ಳಗೆ ಹೊರಬರುತ್ತಿತ್ತು. ದೀಪ ಅತ್ತೆಯ ಸೆರಗು ಜಗ್ಗಿ, "ತಾತ ಇನ್ನೂ ಉಂಡಿಲ್ವಾ?" ಎಂದಳು.

ಗುರುಸಿದ್ದಮ್ಮ ಪಕ್ಕಕ್ಕೆ ಸರಿದು ಸೊಸೆಗೆ ದಾರಿ ಬಿಟ್ಟಳು.

"ಬಾಗ್ಲು ತಟ್ಟವ್ವ ಕುಸುಮಾ. ನಿಮ್ ಮಾವ ಉಂಡವ್ರೆ... ತೆಗಿ."