ತೆರೆಯದ ಕಿಟಕಿಯ ಸುದ್ದಿ

"ನಾನಿರೋವರೆಗೂ ನನ್ನ ತಮ್ಮನಿಗೆ ನಮ್ಮ ಮನೆ ಬಾಗಿಲು ಮುಚ್ಚಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಆಗ ಅವನಿಗಿನ್ನೂ ಮೀಸೆ ಬಂದಿರ್ಲಿಲ್ಲ," ಎಂದರು ಕನ್ನಡಕದಂಗಡಿಯ ಒಡತಿ. "ಆ ಮಾತು ಉಳಿಯತ್ತೋ ಇಲ್ವೋ, ಈಗ ನೀವು ಹೇಳ್ಬೇಕು. ನಮ್ಮ ಕಿಟಕಿ ಸೆನ್ಸರ್ ಕೆಟ್ಟಿದ್ರೆ ಅವನನ್ನ ಮನೆ ಬಿಡಿಸ್ಬೇಕಾಗತ್ತೆ."

ನಮ್ಮದು ಬಾಗಿಲು, ಕಿಟಕಿಗಳ ಅಲಾರಂ ರಿಪೇರಿ ಮಾಡುವ ಸಣ್ಣ ಅಂಗಡಿ. ನಡೆಸುತ್ತಿದ್ದವಳು ನನ್ನ ಚಿಕ್ಕಮ್ಮ. ಟೆಲಿಫೋನ್ ಕಚೇರಿಯಲ್ಲಿ ಕೆಟ್ಟ ಲೈನು ಹುಡುಕುವುದರಲ್ಲೇ ತಲೆ ಹಣ್ಣಾದವಳು. ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಒಬ್ಬಳೇ ಇದ್ದಳು. ಮಗನನ್ನು ಶಾಲೆಗೆ ಬಿಟ್ಟು ಬಂದ ಮೇಲೆ ನಾನು ಅವಳ ಏಣಿ ಹೊರುವವಳು. ಕೆಟ್ಟಿರುವುದು ಯಂತ್ರವೋ ಮನೆಯವರೋ ಎಂದು ಹೇಳಬಲ್ಲಳೆಂಬ ಹೆಸರು ಅವಳಿಗೆ ಹೇಗೋ ಬಂದುಬಿಟ್ಟಿತ್ತು. ಹಾಗಾಗಿ ಇಂಥವರು ಆಗಾಗ ಬರುತ್ತಿದ್ದರು.

"ಸೆನ್ಸರ್ ಕೆಟ್ಟರೆ ತಮ್ಮ ಯಾಕೆ ಮನೆ ಬಿಡ್ಬೇಕು?" ಎಂದಳು ಚಿಕ್ಕಮ್ಮ. "ಮೊದಲಿಂದ ಹೇಳಿ."

ಒಡತಿ ಹೇಳಿದರು. ತಾಯಿ ತೀರಿಕೊಂಡ ಮೇಲೆ ಅವರ ಕೋಣೆಯನ್ನು ಇದ್ದ ಹಾಗೇ ಮುಚ್ಚಿಟ್ಟಿದ್ದರು. ಅಲ್ಲಿಂದ ಒಂದೊಂದೇ ವಸ್ತು ಕಾಣೆಯಾಗತೊಡಗಿತು. ಮೊದಲು ಓದುವ ಕನ್ನಡಕ, ಆಮೇಲೆ ಹಳೆಯ ಇಸ್ಪೀಟಿನ ಕಟ್ಟು, ಕಳೆದ ವಾರ ಚಿನ್ನದ ಕೈಗಡಿಯಾರ. ಒಡತಿ ಅಂಗಡಿಗೆ ಹೋಗುವಾಗ ಅಲಾರಮ್ಮನ್ನು ಕಾವಲಿಗೆ ಹಾಕುತ್ತಿದ್ದರು. ಏನೇ ತೆರೆದರೂ ಫೋನಿಗೆ ಸುದ್ದಿ ಬರಬೇಕು. ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಒಂದೇ ಸುದ್ದಿ ಬರುತ್ತಿತ್ತು: ಅಡುಗೆಮನೆ ಕಿಟಕಿ ತೆರೆದಿದೆ.

"ನಿಜವಾಗ್ಲೂ ಕಿಟಕಿ ತೆಗೆದಿದ್ರೆ ಕಳ್ಳ ಹೊರಗಿನವನು. ಆದ್ರೆ ಆ ಕಿಟಕಿ ತೆಗೆಯೋಕೇ ಬರಲ್ಲ, ಬಣ್ಣ ಹೊಡೆದಾಗ ಅಂಟ್ಕೊಂಡಿದೆ. ಅಲ್ಲದೆ ಒಂದಿನ ನನ್ನ ಅಂಗಡಿ ಷಟರ್ ಸಿಕ್ಕಾಕ್ಕೊಂಡಿತ್ತು. ಎತ್ತೋಕೆ ತಮ್ಮ ಬಂದಿದ್ದ. ಅವನು ನನ್ನೆದುರಿಗೇ ನಿಂತಿರುವಾಗಲೂ ಅದೇ ಸುದ್ದಿ ಬಂತು. ಅಂದ್ರೆ ಸೆನ್ಸರ್ ಸುಮ್‌ಸುಮ್ನೆ ಬೊಗಳ್ತಿದೆ, ಹೊರಗಿನ ಕಳ್ಳ ಅನ್ನೋನೇ ಇಲ್ಲ. ಒಳಗಿನವರು ಅಂದ್ರೆ..." ಅವರು ನಿಲ್ಲಿಸಿದರು. "ಕೆಲಸ ಹೋದಾಗ ಒಂದ್ಸಲ ಅಮ್ಮನ ಹೊಲಿಗೆ ಮಿಷನ್ ಮಾರಿದ್ದ. ಮಾರಿದವನು ಮಾರ್ತಾನೆ."

"ಮನೆಯಲ್ಲಿ ಇನ್ಯಾರಿದ್ದಾರೆ?"

"ನಮ್ಮನೆಯವ್ರು. ಪುಸ್ತಕಗಳ ಕರಡು ತಿದ್ದೋ ಕೆಲಸ, ಮನೆಯಿಂದಲೇ. ಅವರ ಬಾಗಿಲು ಹಾಕಿದ್ರೆ ಹಾಕಿದ್ದೇ. ಇದ್ದಾರೋ ಇಲ್ವೋ ಗೊತ್ತಾಗಲ್ಲ."

"ಕಂಪನಿಯವರು ಬಂದಿದ್ರಾ?"

"ಎರಡು ಸಲ. ಆಯಸ್ಕಾಂತ ಹತ್ತಿರಕ್ಕೆ ಅಂಟಿಸಿದ್ರು, ಕೆಂಪು ದೀಪ ಮಿನುಗತ್ತೆ, ಸರಿಯಾಗಿದೆ ಅಂದ್ರು, ಹೋದ್ರು."

ನಾವು ಅವರ ಜೊತೆಗೇ ಹೊರಟೆವು. ಮನೆಯ ಮೆಟ್ಟಿಲ ಮೇಲೆ ಒಬ್ಬ ನಡುವಯಸ್ಸಿನ ಗಂಡಸು ಬ್ರೆಡ್ಡಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಪೊಟ್ಟಣದ ಒಂದು ತುದಿಯಿಂದ ಆಗಲೇ ಚೂರು ಮುರಿದು ತಿಂದಿದ್ದ.

"ನನ್ನ ನಂಬರ್ ತಗೊಳ್ತಾ ಇಲ್ಲ ಕಣಕ್ಕ, ಬಾಗಿಲು," ಎಂದ. "ಭಾವ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ಬೇಕು, ಬೆಲ್ಲೂ ಕೇಳಿಸಿಲ್ಲ."

ಒಡತಿ ಬೀಗದ ಗುಂಡಿಗಳ ಮೇಲೆ ತಮ್ಮದೇ ನಂಬರು ಒತ್ತಿ ಬಾಗಿಲು ತೆಗೆದರು. ಅವನು ಕಾಲು ಒರೆಸಿಕೊಂಡು, ನೆಂಟರ ಮನೆಗೆ ಬಂದವನ ಹಾಗೆ ಎಲ್ಲರಿಗಿಂತ ಕೊನೆಗೆ ಒಳಗೆ ಬಂದ.

ಅಡುಗೆಮನೆಯ ಕಿಟಕಿ ಪಾತ್ರೆ ತೊಳೆಯುವ ಕಟ್ಟೆಯ ಮೇಲಿತ್ತು. ಚೌಕಟ್ಟಿಗೂ ರೆಕ್ಕೆಗೂ ನಡುವೆ ಬಿಳಿ ಬಣ್ಣ ಒಂದು ಕಡೆಯೂ ಬಿರುಕು ಬಿಟ್ಟಿರಲಿಲ್ಲ. ಚೌಕಟ್ಟಿನ ಮೇಲೆ ಬೆರಳುದ್ದದ ಸೆನ್ಸರ್, ಪಕ್ಕದಲ್ಲಿ ರೆಕ್ಕೆಗೆ ಅಂಟಿಸಿದ ಆಯಸ್ಕಾಂತ. ಆಯಸ್ಕಾಂತ ದೂರ ಸರಿದರೆ ತೆರೆದಿದೆ ಎಂದು ಸೆನ್ಸರ್ ತಿಳಿಯುತ್ತದೆ, ಅಷ್ಟೇ ಅದರ ಬುದ್ಧಿ. ಒಡತಿಗೆ ಅಲಾರಮ್ಮನ್ನು ಕಾವಲಿಗೆ ಹಾಕಲು ಹೇಳಿ ನಾನು ಆಯಸ್ಕಾಂತವನ್ನು ಕಿತ್ತು ಹಿಡಿದೆ. ಕೆಂಪು ದೀಪ ಮಿನುಗಿತು. ಒಡತಿಯ ಕೈಚೀಲದೊಳಗೆ ಫೋನು ಟಿಣ್ ಎಂದಿತು.

"ನೋಡಿ, ಇದೇ ಗೋಳು," ಎಂದು ಅವರು ಚೀಲದೊಳಗೇ ಕೈ ಹಾಕಿ ಅದರ ಬಾಯಿ ಮುಚ್ಚಿಸಿದರು.

"ಸೆನ್ಸರ್ ಸರಿ ಇದೆ ಚಿಕ್ಕಮ್ಮ," ಎಂದೆ.

"ಸರಿ ಇದೆ ಅಂತ ಕಂಪನಿಯವರೂ ಹೇಳಿದ್ರಲ್ಲ," ಎಂದಳು ಅವಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ಬ್ಯಾಟರಿ ಯಾರು ಹಾಕಿದ್ದಪ್ಪ?"

"ನಾನೇ. ಅಮ್ಮ ಹೋದ ಮೇಲೆ ಮನೇಲಿ ಮಾಡೋಕೆ ಬೇರೆ ಕೆಲಸ ಇರ್ಲಿಲ್ಲ. ಚಿಕ್ಕ ಸೆನ್ಸರುಗಳನ್ನೆಲ್ಲ ಬಿಚ್ಚಿ ಊಟದ ತಟ್ಟೇಲಿ ಹಾಕ್ಕೊಂಡು, ಚೆನ್ನಾಗಿ ಒರೆಸಿ, ಹೊಸ ಬ್ಯಾಟರಿ ಹಾಕಿ ಅಂಟಿಸಿದೆ. ಯಾಕೆ, ಉಲ್ಟಾ ಹಾಕಿದ್ನಾ?"

"ಇಲ್ಲ, ಬ್ಯಾಟರಿ ನೆಟ್ಟಗಿದೆ. ಚಿಕ್ಕವು ಎಲ್ಲೆಲ್ಲಿವೆ?"

"ಇದೊಂದು, ಅಮ್ಮನ ಕೋಣೆ ಬಾಗಿಲಿಗೊಂದು. ಅಮ್ಮ ಕಾಯಿಲೆಯಲ್ಲಿ ಎದ್ದೆದ್ದು ಓಡಾಡ್ತಿದ್ರಲ್ಲ, ಆಗ ಒಟ್ಟಿಗೇ ತಂದಿದ್ದು. ಮುಂಬಾಗಿಲು, ಹಿಂಬಾಗಿಲದ್ದು ಹಳೇ ದೊಡ್ಡವು, ಅವನ್ನ ಮುಟ್ಟಿಲ್ಲ."

ಚಿಕ್ಕಮ್ಮ ತಾಯಿಯ ಕೋಣೆಯ ಹೊರಗೆ ಸ್ವಲ್ಪ ಹೊತ್ತು ನಿಂತಳು. ಬಾಗಿಲು ಮುಟ್ಟಲಿಲ್ಲ. ಬಳಿಕ ಕರಡು ತಿದ್ದುವವರ ಕೋಣೆಯ ಬಾಗಿಲು ಬಡಿದಳು. ಅವರು ಕಿವಿಯಿಂದ ಹೆಡ್‌ಫೋನು ತೆಗೆದು ಎದ್ದು ನಿಂತರು. ತೆಳ್ಳನೆಯ ಮನುಷ್ಯ, ಮಾತಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವವರು. ಕಿಟಕಿಯ ಬಳಿ ಪುಟ್ಟ ಮೇಜು, ಎದುರುಬದುರಾಗಿ ಎರಡು ಕುರ್ಚಿ. ಒಂದರ ಮೇಲೆ ಮೆತ್ತನೆಯ ದಿಂಬಿತ್ತು.

"ಯಾರಾದ್ರೂ ಬರ್ತಾರಾ ನಿಮ್ಮಲ್ಲಿಗೆ?" ಎಂದಳು ಚಿಕ್ಕಮ್ಮ.

"ನನ್ನಲ್ಲಿಗಾ? ಯಾರೂ ಇಲ್ಲ," ಎಂದರು ಅವರು, ದಾರಿ ತಪ್ಪಿ ಬಂದವರಿಗೆ ಹೇಳುವ ಹಾಗೆ.

ಎಲ್ಲರನ್ನೂ ಊಟದ ಮೇಜಿನ ಸುತ್ತ ಕೂರಿಸಿದಳು ಚಿಕ್ಕಮ್ಮ. ನಾಲ್ವರಿಗೆ ಮಾಡಿದ ಮೇಜು ಅದು. ಆದರೂ ಯಾವ ಕುರ್ಚಿ ಯಾರದೆಂದು ಮೂವರೂ ಒಂದು ಗಳಿಗೆ ತಡವರಿಸಿದರು. ಒಟ್ಟಿಗೆ ಕೂತು ಬಹಳ ದಿನವಾಗಿರಬೇಕು.

"ಅಮ್ಮ, ಈಗ ಬಂದ ಸುದ್ದಿ ಓದಿ," ಎಂದಳು ಒಡತಿಗೆ.

ಒಡತಿ ಫೋನು ತೆಗೆದರು. ಓದಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. "ಅಮ್ಮನ ಕೋಣೆ ಬಾಗಿಲು ತೆರೆದಿದೆ ಅಂತಿದೆ. ಆದ್ರೆ ಇವರು ಕಿತ್ತಿದ್ದು ಕಿಟಕೀದು."

"ಹೂಂ. ಎರಡೂ ಅವಳಿ ಜವಳಿ ಹಾಗಿವೆ. ಹೆಸರು ಇರೋದು ಸೆನ್ಸರಿನ ಹೊಟ್ಟೆಯೊಳಗೆ; ಅದನ್ನ ಎಲ್ಲಿ ಅಂಟಿಸಿದ್ರೂ ಅದೇ ಹೆಸರು ಕೂಗತ್ತೆ. ನಿಮ್ಮ ತಮ್ಮ ಎರಡನ್ನೂ ಒಂದೇ ತಟ್ಟೆಗೆ ಹಾಕಿ ಒರೆಸಿದ, ಅಂಟಿಸುವಾಗ ಅದಲುಬದಲು ಮಾಡಿದ. ಕಂಪನಿಯವರು ದೀಪ ನೋಡಿದ್ರೇ ಹೊರತು ಹೆಸರು ನೋಡ್ಲಿಲ್ಲ. ನಮ್ಮವಳೂ ಅಷ್ಟೇ." ನಾನು ತಲೆ ತಗ್ಗಿಸಿದೆ. "ನೀವು ಮನೇಲಿದ್ದಾಗ ಕಾವಲು ತೆಗೀತೀರಿ. ಹಾಗಾಗಿ ನೀವೇ ಆ ಕೋಣೆಗೆ ಹೋಗಿ ಹುಡುಕಿದಾಗ ಸುದ್ದಿ ಬರ್ಲಿಲ್ಲ, ಗುಟ್ಟು ಬಯಲಾಗ್ಲಿಲ್ಲ."

"ಹಾಗಾದ್ರೆ ದಿನಾ ತೆಗೀತಿದ್ದದ್ದು..."

"ನಿಮ್ಮ ತಾಯಿಯ ಕೋಣೆ ಬಾಗಿಲು. ಸೆನ್ಸರ್ ಒಂದು ದಿನವೂ ಸುಳ್ಳು ಹೇಳಿಲ್ಲ. ಈಗ ನಿಮ್ಮ ಷಟರ್ ಕೆಟ್ಟ ದಿನಕ್ಕೆ ಬನ್ನಿ. ತಮ್ಮ ನಿಮ್ಮೆದುರು ನಿಂತಿದ್ದ, ಆದರೂ ಸುದ್ದಿ ಬಂತು. ಸೆನ್ಸರ್ ಕೆಟ್ಟಿದೆ ಅನ್ನೋದಕ್ಕೆ ಅದನ್ನೇ ಸಾಕ್ಷಿ ಮಾಡ್ಕೊಂಡ್ರಿ. ಸೆನ್ಸರ್ ಸರಿಯಿದ್ರೆ ಅದೇ ಮಾತು ಬೇರೆ ಕಡೆ ಬೆರಳು ತೋರ್ಸತ್ತೆ. ಅವತ್ತು ಮನೇಲಿದ್ದವರು ಒಬ್ಬರೇ."

ಒಡತಿ ನಿಧಾನವಾಗಿ ಗಂಡನ ಕಡೆ ನೋಡಿದರು.

"ಮಾರೋ ಆಸೆ ಇದ್ದೋನು ಗಡಿಯಾರ ಮೊದಲು ಎತ್ತಿಕೊಳ್ತಾನೆ," ಎಂದಳು ಚಿಕ್ಕಮ್ಮ, ದನಿ ತಗ್ಗಿಸಿ. "ಇನ್ನೊಬ್ಬರ ಕಣ್ಣಿನ ಕನ್ನಡಕ, ಸವೆದ ಇಸ್ಪೀಟು, ಇದು ಮಾರೋಕಲ್ಲ. ನಿಮ್ಮ ತಾಯೀನ ಎದುರಿಗೆ ಕೂರಿಸ್ಕೊಂಡ ಹಾಗೆ ಇರೋಕೆ. ಯಾರೂ ಬರದ ಕೋಣೇಲಿ ದಿಂಬು ಹಾಕಿದ ಎರಡನೇ ಕುರ್ಚಿ ನೋಡಿದೆ, ಗೊತ್ತಾಯ್ತು."

ಗಂಡ ಎದ್ದು ಹೋದರು. ಬಂದಾಗ ಕೈಯಲ್ಲಿ ರಟ್ಟಿನ ಡಬ್ಬಿಯಿತ್ತು. ಕನ್ನಡಕ, ಇಸ್ಪೀಟು, ಗಡಿಯಾರ. ಗಡಿಯಾರಕ್ಕೆ ಕೀ ಕೊಟ್ಟಿದ್ದರು, ಅದು ನಡೆಯುತ್ತಿತ್ತು.

"ಮಧ್ಯಾಹ್ನ ನಾವಿಬ್ರೂ ಆಡ್ತಿದ್ವಿ," ಎಂದರು ಗಂಟಲು ಸರಿಮಾಡಿಕೊಂಡು. "ನಿನ್ನಮ್ಮ ಮೋಸ ಮಾಡೋರು, ನಾನು ಸೋಲ್ತಿದ್ದೆ. ಇಡೀ ದಿನದಲ್ಲಿ ನಾನು ಬಾಯಿ ಬಿಡ್ತಿದ್ದದ್ದು ಅಷ್ಟೇ. ಈಗ ಹೋಗಿ ಮಂಚದ ಪಕ್ಕ ಕೂತು ಬರ್ತೀನಿ. ಬರುವಾಗ ಒಂದೊಂದ್ಸಲ ಏನಾದ್ರೂ ಕೈಗೆ ಬರತ್ತೆ."

"ಒಂದು ಮಾತು ಹೇಳಕ್ಕಾಗ್ತಿರ್ಲಿಲ್ವಾ ನಿಮಗೆ? ನಾನು ಇವನನ್ನ ಕಳ್ಳ ಅಂದ್ಕೊಂಡೆ."

"ವಸ್ತು ಕಾಣ್ತಿಲ್ಲ ಅಂತ ನೀನು ನನಗೆ ಹೇಳಲೇ ಇಲ್ವಲ್ಲ. ಕಿಟಕಿ ಕೆಟ್ಟಿದೆ ಅಂದೆ. ಕಿಟಕಿ ವಿಷಯ ನನಗೇನು ಗೊತ್ತು?"

ಗಡಿಯಾರವನ್ನು ತಮ್ಮ ಎತ್ತಿ ಕಿವಿಗಿಟ್ಟುಕೊಂಡು ಕೇಳಿ, ಭಾವನ ಮುಂದೆ ಮೆಲ್ಲಗೆ ಇಟ್ಟ. ಆಮೇಲೆ ಅಕ್ಕನನ್ನು ಕೇಳಿದ, "ನನ್ನ ನಂಬರ್ ನೀನೇ ಅಳಿಸಿದ್ದಾ?"

"ನಿನ್ನೆ," ಎಂದರು ಒಡತಿ. "ಈಗ್ಲೇ ಮತ್ತೆ ಹಾಕ್ತೀನಿ ಕಣೋ. ಕೂತ್ಕೋ."

"ಬೇಡ ಬಿಡು. ನಾನು ಬಾಗಿಲಿಗೇ ಕೆಟ್ಟಿದೆ ಅಂತ ಬೈಕೊಂಡು ಕೂತಿದ್ದೆ." ಅವನು ನಕ್ಕ. "ಗೆಳೆಯನ ಗ್ಯಾರೇಜಲ್ಲಿ ಮಲಗೋಕೆ ಜಾಗ ಇದೆ. ಭಾವ, ನೀವು ಬಾಯಿಬಿಟ್ಟು ಕರೆದಿದ್ರೆ ನಾನೂ ಇಸ್ಪೀಟು ಆಡ್ತಿದ್ದೆ. ಹಿಂದಿನ ಕೋಣೇಲಿ ಗೋಡೆ ನೋಡ್ಕೊಂಡೇ ಇದ್ನಲ್ಲ."

ಭಾವ ಇಸ್ಪೀಟಿನ ಕಟ್ಟನ್ನು ಅವನ ಕಡೆಗೆ ಸರಿಸಿದರು.

ನಾನು ಎರಡೂ ಸೆನ್ಸರುಗಳನ್ನು ಬಿಚ್ಚಿ ಅವುಗಳ ಜಾಗಕ್ಕೆ ಅಂಟಿಸಿ, ಈ ಸಲ ಹೆಸರನ್ನೂ ನೋಡಿದೆ. ಅಷ್ಟರಲ್ಲಿ ತಮ್ಮ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದ. ಒಡತಿ ಬಾಗಿಲಲ್ಲಿ ಅವನ ತೋಳು ಹಿಡಿದರು. ಅವನು ಬಿಡಿಸಿಕೊಳ್ಳಲಿಲ್ಲ, ಅವರೇ ಬಿಡುವವರೆಗೆ ಕಾದ. ಆಮೇಲೆ ಮೆಟ್ಟಿಲಿಳಿದು ಹೋದ.

"ನಾವು ಇನ್ನೂ ಸ್ವಲ್ಪ ಬೇಗ ಬಂದಿದ್ರೆ," ಎಂದೆ ದಾರಿಯಲ್ಲಿ.

"ಕರೆದಾಗ ತಾನೇ ಬರೋದು," ಎಂದಳು ಚಿಕ್ಕಮ್ಮ.

ಆಮೇಲೆ ಕನ್ನಡಕದಂಗಡಿಯ ಒಡತಿ ಹಲವು ಸಲ ಗ್ಯಾರೇಜಿಗೆ ಹೋಗಿ ಕರೆದರಂತೆ. ಅವನು ಚಹಾ ತರಿಸಿ ಕೊಟ್ಟನಂತೆ, ಮನೆಗೆ ಬರಲಿಲ್ಲ. ತಾಯಿಗೆ ಕೊಟ್ಟ ಮಾತು ಮುರಿದುಹೋಯಿತು.