ಕಾಣದ ಊರಿನ ಕಾಗದ

ಸ್ವೆಟರು ಸ್ಕಾಟ್ಲೆಂಡಿಗೆ ಹೋಗಿ ಬಂತು. ಅದನ್ನು ಕೊಂಡ ಗುಮಾಸ್ತ ಕೊಟ್ರೇಶ ಬ್ಯಾಡಗಿಯಲ್ಲೇ ಉಳಿದ. ೨೦೦೫ರ ಜೂನ್ ಕೊನೆಯ ವಾರ, ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪ ವಿಲಾಯತಿಯಿಂದ ಮರಳಿದ ಮರುದಿನ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿಕೊಂಡು ಬಂದು ಗುಮಾಸ್ತನ ಮೇಜಿನ ಮೇಲೆ ಒಗೆದ.

"ತಗೋಪಾ ಕೊಟ್ರೇಶ, ನಿಂದು ನಿನಗ ಮುಟ್ತು."

ಎದೆಯ ಮೇಲೆ ಅಂಗೈಯಗಲ ಚಹಾದ ಕಲೆ. ತೊಳೆಸಿ ಕೊಡುವಷ್ಟು ಸೌಜನ್ಯವೂ ಆ ಮನುಷ್ಯನಿಗೆ ಇರಲಿಲ್ಲ. ಕೊಟ್ರೇಶ ಕಲೆಯನ್ನು ಉಗುರಿನಿಂದ ಕೆರೆದ. ಇಪ್ಪತ್ತು ವರ್ಷದಿಂದ ಸಾಹುಕಾರನಿಗೆ ಎದುರಾಡಿದವನಲ್ಲ. ರಾಣೆಬೆನ್ನೂರಿನಿಂದ ದಿನಾ ರೈಲಿನಲ್ಲಿ ಬಂದು, ಸಾಹುಕಾರನ ಅಂಗಡಿಯ ಇಂಗ್ಲಿಷ್ ಪತ್ರಗಳನ್ನೆಲ್ಲ ಬರೆದು, ಸಂಜೆಯ ರೈಲಿಗೆ ತಿರುಗಿ ಹೋಗುವುದು ಅವನ ಕೆಲಸ. ಬರೆಯುವವನು ಕೊಟ್ರೇಶ, ಕೆಳಗೆ ಹೆಸರು ಪ್ರಭುಲಿಂಗಪ್ಪನದು. ಎಷ್ಟೋ ಸಲ ಆ ರುಜುವನ್ನೂ ಕೊಟ್ರೇಶನೇ ಹಾಕುತ್ತಿದ್ದ. ಸಾಹುಕಾರನಿಗೆ ಅದಕ್ಕೂ ಬೇಸರ.

ಆ ಪತ್ರಗಳನ್ನು ಗ್ಲಾಸ್ಗೋ ಶಹರದ ಒಂದು ಮಸಾಲೆ ಕಂಪನಿಯಲ್ಲಿ ಓದಿ ಉತ್ತರ ಬರೆಯುತ್ತಿದ್ದವಳು ಮೊರಾಗ್ ಎಂಬ ಹೆಂಗಸು. ಮೊದಮೊದಲು ಎರಡೂ ಕಡೆ ಬರೀ ಮೆಣಸಿನಕಾಯಿಯ ಮಾತು: ಬಣ್ಣ, ಖಾರ, ತೇವ. ಆಮೇಲೆ ಆಕೆ ಕೊನೆಯಲ್ಲಿ ತಮ್ಮೂರ ಮಳೆಯ ಬಗ್ಗೆ ಒಂದು ಸಾಲು ಸೇರಿಸಿದಳು. ಇವನು ಬ್ಯಾಡಗಿಯ ಪೇಟೆಯಲ್ಲಿ ಹೊಸಬರನ್ನು ಸೀನಿನಿಂದಲೇ ಗುರುತು ಹಿಡಿಯುತ್ತಾರೆಂದು ಬರೆದ. ಒಂಬತ್ತು ವರ್ಷದ ಹಿಂದೆ ಆಕೆ ಕೆಲಸ ಬಿಟ್ಟು, ಪೋರ್ಟ್ ಅರ್ನಾ ಎಂಬ ಸಮುದ್ರದಂಡೆಯ ಹಳ್ಳಿಯಲ್ಲಿ ಚಹಾದ ಮನೆ ಇಟ್ಟಳು. ಪತ್ರ ಮಾತ್ರ ನಿಲ್ಲಲಿಲ್ಲ. ಅಂಗಡಿಯ ವಿಳಾಸಕ್ಕೇ ಬರುತ್ತಿದ್ದವು. ಇಂಗ್ಲಿಷ್ ಟಪಾಲನ್ನು ಕೊಟ್ರೇಶನೊಬ್ಬನೇ ಒಡೆಯುತ್ತಿದ್ದ.

ಆ ಊರು ಅವನಿಗೆ ಹುಚ್ಚು ಹಿಡಿಸಿತು. ಬಂದರಿಗೆ ಇಳಿಯುವ ಒಂದೇ ಓಣಿ. ಡಂಕನ್ ಎಂಬವನ ಹಗ್ಗ-ಬಲೆಗಳ ಅಂಗಡಿ, ಪಕ್ಕದಲ್ಲಿ ಇಬ್ಬರು ಅಕ್ಕತಂಗಿಯರ ಉಣ್ಣೆಯ ಅಂಗಡಿ, ಬ್ರೆಡ್ಡನ್ನೂ ಮಾರುವ ಅಂಚೆ ಕಚೇರಿ. ಕೊನೆಯಲ್ಲಿ ಮೊರಾಗಳ ಚಹಾದ ಮನೆ. ಬಾಗಿಲಿಗೆ ಹಿತ್ತಾಳೆಯ ಗಂಟೆ, ಚಹಾ ಆರದಿರಲೆಂದು ಕೆಟಲಿಗೆ ಉಣ್ಣೆಯ ಕುಲಾವಿ. ಆ ಕುಲಾವಿಯ ಸುದ್ದಿ ಓದಿದ ದಿನ ಕೊಟ್ರೇಶ ಒಬ್ಬನೇ ನಕ್ಕಿದ್ದ. ಚಿತ್ರದ ಕಾರ್ಡುಗಳನ್ನು ಮನೆಯ ಟ್ರಂಕಿನಲ್ಲಿ ಇಟ್ಟು, ರವಿವಾರಕ್ಕೊಮ್ಮೆ ಚಾಪೆಯ ಮೇಲೆ ಸಾಲಾಗಿ ಹರವಿ ಓಣಿ ಕಟ್ಟುತ್ತಿದ್ದ.

"ಆ ಊರಾಗ ಒಂದು ರೇಶನ್ ಕಾರ್ಡ್ ಮಾಡಿಸಿಬಿಡ್ರಿ," ಎಂದು ಹೆಂಡತಿ ಸುರೇಖಾ ಚಾಷ್ಟಿ ಮಾಡುತ್ತಿದ್ದಳು.

ಪತ್ರ ಬರೆಯುವವನು ಯಾರೆಂದು ಮೊರಾಗಳಿಗೆ ಗೊತ್ತಿರಲಿಲ್ಲ. ಒಂದು ದಿನ ಆ ಗಂಟೆಯ ಬಾಗಿಲು ತಳ್ಳಿ ಒಳಗೆ ಹೋಗಿ, "ಬಾಯಾರ, ನಾನೇ ಅವನು" ಎಂದು ಹೇಳಬೇಕು. ಇದೊಂದೇ ಆಸೆಯನ್ನು ಅವನು ಸಾಕಿಕೊಂಡು ಬಂದಿದ್ದ.

ಆ ವರ್ಷ ವಿಲಾಯತಿಯಲ್ಲಿ ಖಾರದ ಪುಡಿಯೊಳಗೆ ಬೂಟ್ ಪಾಲಿಶಿಗೆ ಹಾಕುವ ಕೆಂಪು ಬಣ್ಣ ಸಿಕ್ಕಿ ದೊಡ್ಡ ಗದ್ದಲವಾಯಿತು. ಕಂಪನಿ ಹೆದರಿ, ಮುಖಾಮುಖಿ ಮಾತಾಡೋಣ, ಇಬ್ಬರು ಬನ್ನಿ ಎಂದು ಪ್ರಭುಲಿಂಗಪ್ಪನನ್ನು ಕರೆಯಿತು. "ನೀ ಬರಾಕಬೇಕು ಕೊಟ್ರೇಶ, ಆ ಮಂದಿ ಮಾತು ನನಗೆಲ್ಲಿ ತಿಳೀತೈತಿ?" ಎಂದಿದ್ದ ಸಾಹುಕಾರ. ಕೊಟ್ರೇಶ ಪಾಸ್‌ಪೋರ್ಟ್ ಮಾಡಿಸಿದ, ಸ್ವೆಟರು ಕೊಂಡ. ಹೊರಡಲು ಎಂಟು ದಿನ ಇದ್ದಾಗ ಸಾಹುಕಾರನ ಹುಬ್ಬಳ್ಳಿಯ ಅಳಿಯ ತಾನೂ ಇಂಗ್ಲಿಷ್ ಬಲ್ಲೆ ಎಂದು ಎದ್ದು ನಿಂತ. ಅಲ್ಲಿಗೆ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದರ ಮೇಲೆ, "ಆ ಸ್ವೆಟರಾದ್ರೂ ಕೊಡು, ಇಲ್ಲಿ ಸೆಖಿಯೊಳಗ ನಿನಗ್ಯಾಕ ಅದು?" ಎಂದು ಅದನ್ನೂ ಇಸಿದುಕೊಂಡ.

ಈಗ ಕಲೆಯ ಸ್ವೆಟರನ್ನು ಮಡಿಸುತ್ತ ಕೊಟ್ರೇಶ ಕೇಳಿದ: "ಪೋರ್ಟ್ ಅರ್ನಾಕ್ಕ ಹೋಗಿದ್ರೇನ್ರಿ ಸಾವ್ಕಾರ್ರ?"

"ಹೋಗಿದ್ನೆಪಾ. ನೋಡಬೇಕಂತ ಚಹಾದ ಮುದುಕಿ ಹೇಳಿಕಳಿಸಿದ್ಲಂತ, ಕಂಪನಿ ಮಂದಿ ಕರಕೊಂಡು ಹೋದ್ರು, ಮೂರು ದಿನ ಇಟ್ಟಿದ್ರು. ಏನೈತಿ ಅಲ್ಲಿ, ಮಣ್ಣು? ನಾಕು ಅಂಗಡಿ, ಮೀನಿನ ನಾತ. ಆ ಚಹಾದ ಮುದುಕಿ ನನ್ನ ಕೈ ಹಿಡಕೊಂಡು ಅತ್ತಬಿಟ್ಲು ನೋಡು! ಅಳಿಯ ಹೇಳಿದ, ನಿಮ್ಮ ಪತ್ರದಿಂದನ ನನ್ನ ಚಳಿಗಾಲ ಕಳೀತಿದ್ವು ಅಂತಾಳಂತ. ನಾ ಹೂಂ ಹೂಂ ಅಂದು ನಕ್ಕೆ. ಯಾ ಪತ್ರೋ ಏನೋ."

ಕೊಟ್ರೇಶ ಸ್ವೆಟರನ್ನು ಚೀಲಕ್ಕೆ ತುರುಕಿದ. ಆ ಅಳು ತನ್ನದು. ಆ ಕೈ ತಾನು ಹಿಡಿಯಬೇಕಾದ ಕೈ. ಈ ಸಾಹುಕಾರ ಅದನ್ನು ಹಿಡಿದು, ಹೂಂ ಎಂದು, ಚಹಾ ಚೆಲ್ಲಿಕೊಂಡು ಬಂದಿದ್ದಾನೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಆ ಸಂಜೆ ರೈಲಿನ ಸರಳು ಹಿಡಿದು ನಿಂತವನು ರಾಣೆಬೆನ್ನೂರು ಬರುವತನಕ ಹಲ್ಲು ಕಡಿಯುತ್ತಲೇ ಇದ್ದ.

ಸಾಹುಕಾರನನ್ನು ಕೊಲ್ಲುವ ವಿಚಾರವೂ ಬಂತು, ಎರಡೇ ದಿನಕ್ಕೆ ಅದನ್ನು ಕೈಬಿಟ್ಟ. ಸತ್ತ ಸಾಹುಕಾರನಿಗೆ ಪೇಟೆ ಬಂದ್ ಮಾಡಿ ಹೂವು ಹಾಕುತ್ತಾರೆ. ಇವನು ಬದುಕಿರಬೇಕು, ತಲೆ ತಗ್ಗಿಸಿಕೊಂಡು ಬದುಕಿರಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬ್ಯಾಡಗಿಯ ವ್ಯಾಪಾರಿಗೆ ಸಾವಿಗಿಂತ ದೊಡ್ಡದೊಂದಿದೆ: ಬಣ್ಣ ಬೆರೆಸಿದ ಎನ್ನುವ ಮಾತು. ಬಣ್ಣಕ್ಕೇ ಹೆಸರಾದ ಕಾಯಿಗೆ ಬಣ್ಣ ಬೆರೆಸಿದನೆಂದರೆ ಎದುರಿನ ಅಂಗಡಿಯವನೂ ಉಗಿಯುತ್ತಾನೆ. ಕಂಪನಿ ಸಂಬಂಧ ಕಡಿದುಕೊಳ್ಳುತ್ತದೆ, ಮೊರಾಗಳ ಕಿವಿಗೂ ಸುದ್ದಿ ಬೀಳುತ್ತದೆ. ಆಗ ಕೊಟ್ರೇಶ ಮೊದಲ ಸಲ ತನ್ನ ಹೆಸರಿನಲ್ಲಿ ಬರೆಯುತ್ತಾನೆ: ಆ ಮೋಸಗಾರನ ಹೆಸರಿನ ಹಿಂದೆ ಇಷ್ಟು ವರ್ಷ ಇದ್ದವನು ನಾನು. ಆ ಪತ್ರದ ಒಂದೊಂದು ಶಬ್ದವೂ ಅವನ ಬಾಯಲ್ಲಿ ಆಗಲೇ ಸಿದ್ಧವಿತ್ತು.

ಬಣ್ಣವನ್ನು ಒಂದು ರವಿವಾರ ದಾವಣಗೆರೆಗೆ ಹೋಗಿ ತಂದ. ಮೇಣಬತ್ತಿ ಮಾಡುವವನೆಂದು ಹೇಳಿಕೊಂಡ. ಅಂಗಡಿಯವನು ತಲೆ ಎತ್ತಿಯೂ ನೋಡಲಿಲ್ಲ. ಪ್ರಭುಲಿಂಗಪ್ಪನ ಖಾರ ಕುಟ್ಟುವ ಗಿರಣಿಯನ್ನು ನೋಡಿಕೊಳ್ಳುವವನು ಸಾಹುಕಾರನ ಹೆಂಡತಿಯ ತಮ್ಮ ಫಕ್ಕೀರೇಶ. ಪೇಟೆಯ ದಿನ ಮಧ್ಯಾಹ್ನ ಬೆಲೆ ಬರೆದು ಹಾಕಿದ ಟೆಂಡರ್ ತೆಗೆಯುವ ಹೊತ್ತಿಗೆ ಗಿರಣಿಯ ಗಂಡಸರೆಲ್ಲ ಮಾರುಕಟ್ಟೆಯ ಪ್ರಾಂಗಣದಲ್ಲಿ ಇರುತ್ತಾರೆ. ತೊಟ್ಟು ಬಿಡಿಸುವ ಹೆಂಗಸರು ಹಿತ್ತಲ ನೆರಳಿನಲ್ಲಿ ರೊಟ್ಟಿ ಬಿಚ್ಚುತ್ತಾರೆ. ಕೊಟ್ರೇಶ ಕೈಯಲ್ಲಿ ಫೈಲು ಹಿಡಿದು ರಾಜಾರೋಷವಾಗಿ ಒಳಗೆ ಹೋದ. ಫೈಲು ಹಿಡಿದ ಗುಮಾಸ್ತನನ್ನು ಲೋಕದಲ್ಲಿ ಯಾರೂ ನೋಡುವುದಿಲ್ಲ ಎನ್ನುವುದು ಅವನ ಇಪ್ಪತ್ತು ವರ್ಷದ ಅನುಭವ. ಒಂದು ಹಿಡಿ ಬಣ್ಣ ಪುಡಿಯ ಚೀಲಕ್ಕೆ ಬಿತ್ತು, ಉಳಿದ ಪೊಟ್ಟಣ ಕಪಾಟಿನ ಹಿಂದೆ ಸೇರಿತು.

ಬಣ್ಣ ಒಂದೇ ಸಿಕ್ಕರೆ ಸಾಹುಕಾರ ಜಾರಿಕೊಳ್ಳುತ್ತಾನೆ, ಯಾವನೋ ಆಳಿನ ಕೆಲಸವೆನ್ನುತ್ತಾನೆ. ಅದಕ್ಕೆ ಕಾಗದ ಬೇಕು. ಮೊರಾಗ್ ಹಿಂದೊಮ್ಮೆ ಪ್ರೀತಿಯಿಂದ ಕಳಿಸಿದ್ದ ಒಂದು ಕಟ್ಟು ಹಾಳೆ ಟ್ರಂಕಿನಲ್ಲಿತ್ತು: ನೆತ್ತಿಯ ಮೇಲೆ ಚಹಾದ ಮನೆಯ ಹೆಸರು, ಮೂಲೆಯಲ್ಲಿ ಕೆಟಲಿನ ಚಿತ್ರ. ಅಂಥ ಹಾಳೆ ಆ ಮನೆಯಲ್ಲಿ ಕೂತವನಿಗಲ್ಲದೆ ಯಾರಿಗೆ ಸಿಗಬೇಕು? ಪ್ರಭುಲಿಂಗಪ್ಪ ಅಲ್ಲಿಂದ ಫಕ್ಕೀರೇಶನಿಗೆ ಬರೆದ ಕಾಗದ ಎಂದಾಗಬೇಕು. ಅವನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಕೊಟ್ರೇಶನಿಗೆ ತನ್ನ ಅಕ್ಷರಕ್ಕಿಂತ ಅದೇ ಚೆನ್ನಾಗಿ ರೂಢಿ.

ಎರಡು ಸಾಲಿನಲ್ಲಿ ಅಪ್ಪಣೆ ಮುಗಿಯಿತು. ಆದರೆ ಓದಿದರೆ ಒಣಒಣ. ದೂರದ ಊರಿನಿಂದ ಬರೆಯುವವನು ಆ ಊರಿನ ಬಗ್ಗೆ ನಾಲ್ಕು ಮಾತು ಬರೆಯದೆ ಇರುತ್ತಾನೆಯೇ? ಆ ನಾಲ್ಕು ಮಾತೇ ಕಾಗದಕ್ಕೆ ಜೀವ ಕೊಡುವುದು. ಕೊಟ್ರೇಶ ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಸಿಟ್ಟು ಎಲ್ಲಿಗೋ ಹೋಯಿತು. ಕಿಟಕಿಯ ಪಕ್ಕ ತಾನೇ ಕೂತಂತೆ, ಎದುರಿಗೆ ಚಹಾ ಆರುತ್ತಿರುವಂತೆ ಆಯಿತು. ಮುಗಿದಾಗ ಸಿಟ್ಟು ಇಮ್ಮಡಿಯಾಗಿ ತಿರುಗಿ ಬಂತು, ಏಕೆಂದರೆ ಕೆಳಗೆ ಮತ್ತೆ ಆ ಹೆಸರನ್ನೇ ಬರೆಯಬೇಕಾಗಿತ್ತು.

ಫಕ್ಕೀರೇಶ ಬಂದ ಕಾಗದವನ್ನೆಲ್ಲ ಗೋಡೆಯ ತಂತಿಗೆ ಸಿಗಿಸುವವನು; ಸಿಗಿಸಿದ್ದನ್ನು ಮತ್ತೆ ನೋಡುವ ಪೈಕಿಯವನಲ್ಲ. ಮುಂದಿನ ಪೇಟೆಯ ದಿನ ಕಾಗದ ಆ ತಂತಿಯ ನಡುವೆ ಸೇರಿತು. ಅಂಚೆಯ ಮುದ್ರೆ ಬೇರೆ ಊರಿನದಿರಲೆಂದು ಕೊಟ್ರೇಶ ಮರುವಾರ ಗುತ್ತಲಕ್ಕೆ ಬಸ್ಸಿನಲ್ಲಿ ಹೋಗಿ, ಹಾವೇರಿಯ ಆಹಾರ ಇಲಾಖೆಯ ಕಚೇರಿಗೆ ಬಣ್ಣದ ದೂರಿನ ಒಂದು ಕಾರ್ಡು ಹಾಕಿದ. ಎಡಗೈಯಲ್ಲಿ ಬರೆದದ್ದು, ಗಿರಣಿಯ ಕೂಲಿ ಹೆಂಗಸೊಬ್ಬಳು ಮಕ್ಕಳ ಮುಖ ನೋಡಿ ಹೆದರಿ ಬರೆದಂತೆ. ಬಸ್ಸಿಳಿದು ಒಂದು ಪ್ಲೇಟು ಮಂಡಕ್ಕಿ ಗಿರಮಿಟ್ಟು ತಿಂದ. ತನ್ನ ಹೂಟದಲ್ಲಿ ತಪ್ಪು ಹುಡುಕಿದ, ಸಿಗಲಿಲ್ಲ.

ಆಗಸ್ಟಿನ ಒಂದು ಗುರುವಾರ ಬೆಳಗಿನ ಹನ್ನೊಂದಕ್ಕೆ ಹಾವೇರಿಯಿಂದ ಜೀಪು ಬಂತು. ಆಹಾರ ಇನ್‌ಸ್ಪೆಕ್ಟರ್ ವಿಜಯಮಹಾಂತೇಶ ಗಿರಣಿ ಹೊಕ್ಕು ಪುಡಿಯ ಮಾದರಿ ತೆಗೆದರು, ಕಪಾಟಿನ ಹಿಂದಿನಿಂದ ಪೊಟ್ಟಣವನ್ನೂ ತೆಗೆದರು. ಪ್ರಭುಲಿಂಗಪ್ಪನನ್ನು ಅಂಗಡಿಯಿಂದ ಕರೆಸಿದರು. ಕಂಪನಿಯ ಕಾಗದಗಳ ಫೈಲು ಹಿಡಿದು ಕೊಟ್ರೇಶನೂ ಬಂದ. ಸಾಹುಕಾರನ ಮುಖದಲ್ಲಿ ರಕ್ತವಿರಲಿಲ್ಲ. ಅದನ್ನು ನೋಡಿ ಕೊಟ್ರೇಶನ ಹೊಟ್ಟೆ ತಣ್ಣಗಾಯಿತು.

"ಗಿರಣಿ ಕಾಗದ ಎಲ್ಲಾ ಆ ತಂತ್ಯಾಗ ಅದಾವ್ರಿ ಸಾಹೇಬ್ರ," ಎಂದು ಅವನು ವಿನಯದಿಂದ ತೋರಿಸಿದ.

ಒಂದೊಂದಾಗಿ ಕಳಚುತ್ತ ಇನ್‌ಸ್ಪೆಕ್ಟರರು ಕೆಟಲಿನ ಚಿತ್ರದ ಹಾಳೆಗೆ ಬಂದರು. ಕಣ್ಣು ಕಿರಿದು ಮಾಡಿದರು. "ಏನ್ ಅಕ್ಷರರೀ ಇವು! ನೀವ ಓದ್ರಿ," ಎಂದು ಗುಮಾಸ್ತನ ಕೈಗೆ ಕೊಟ್ಟರು. ಇಷ್ಟು ಭಾಗ್ಯ ಬರುತ್ತದೆಂದು ಕೊಟ್ರೇಶನೂ ಎಣಿಸಿರಲಿಲ್ಲ. ಕನ್ನಡಕ ಹಾಕಿಕೊಂಡು, ಎಲ್ಲಿಯೂ ತಡವರಿಸದೆ ಓದಿದ:

"ಪೋರ್ಟ್ ಅರ್ನಾ, ಜೂನ್ ಹದಿನೈದು. ಫಕ್ಕೀರೇಶಗ ಆಶೀರ್ವಾದ. ಕಂಪನಿ ಮಂದಿಗೆ ಕೆಂಪು ಸಾಲವಲ್ದು. ನಾ ಬರೂದ್ರೊಳಗ ಕಪಾಟಿನ ಹಿಂದಿನ ಬಣ್ಣ ಕೂಡಿಸಿ ಕುಟ್ಟಸು, ಯಾರ ಮುಂದನೂ ಬಾಯಿ ಬಿಡಬ್ಯಾಡ. ಊರು ಸಣ್ಣದು, ಸಮುದ್ರದ ದಂಡಿಗೆ ಒಂದ ಓಣಿ. ಡಂಕನ್ನನ ಹಗ್ಗದ ಅಂಗಡಿ, ಅದರ ಬಾಜೂಕ ಅಕ್ಕತಂಗೇರ ಉಣ್ಣಿ ಅಂಗಡಿ. ನಾ ಚಹಾದ ಮನ್ಯಾಗ ಕಿಡಕಿ ಕಡೆ ಕುಂತೇನಿ. ಸಂಜಿ ಏಳಾತು, ಕತ್ತಲಾತು. ಅಂಗಡಿಯವರು ಒಬ್ಬೊಬ್ಬರ ದೀಪ ಹಚ್ಚಾಕತ್ತಾರ. ದೀಪೆಲ್ಲಾ ನೀರಾಗ ಬಿದ್ದು ಎರಡೆರಡಾಗಿ ಕಾಣಾಕತ್ತಾವ."

"ಮಕ್ಕಳ ಆಣಿ, ನಾ ಈ ಕಾಗದ ಕಂಡಿಲ್ರೀ!" ಎಂದು ಫಕ್ಕೀರೇಶ ಕೂಗಿಕೊಂಡ. ಇನ್‌ಸ್ಪೆಕ್ಟರರು ಅವನ ಕಡೆ ನೋಡಲೂ ಇಲ್ಲ. ಪಂಚನಾಮೆಗೆ ಸಾಕ್ಷಿಗಳ ಹೆಸರು ಬರೆಯಲು ಪೆನ್ನು ತೆಗೆದರು. ಪ್ರಭುಲಿಂಗಪ್ಪ ಗೋಡೆ ಹಿಡಿದು ಕುಸಿದು ಕೂತಿದ್ದವನು ನಿಧಾನವಾಗಿ ತಲೆ ಎತ್ತಿದ.

"ಏನಂದಿ? ಏಳಕ್ಕ ಕತ್ತಲಾತಾ? ಇನ್ನೊಮ್ಮೆ ಓದು."

ಕೊಟ್ರೇಶ ಇನ್ನೊಮ್ಮೆ ಓದಿದ. ಸಾಹುಕಾರ ಧಡಕ್ಕನೆ ಎದ್ದು ನಿಂತ. "ಸಾಹೇಬ್ರ, ಇದನ್ನ ಬರದಾಂವ ಆ ಊರು ಕಂಡಾಂವ ಅಲ್ರಿ! ಹೊತ್ತು ಮುಳುಗಿ ದೀಪ ಹಚ್ಚಿ ಲಿಂಗಪೂಜಿ ಮಾಡೂತನಾ ನಾ ಉಣ್ಣಾಂವಲ್ಲ. ಅಲ್ಲಿ ಜೂನ್ ತಿಂಗಳದಾಗ ರಾತ್ರಿ ಹತ್ತಾದ್ರೂ ಹೊತ್ತು ಮುಳುಗಂಗಿಲ್ರಿ! ಮೂರೂ ದಿನ ಹಸಕೊಂಡು ಕಿಡಕ್ಯಾಗ ಕುಂತು ಆ ಸೂರ್ಯಪ್ಪಗ ಬೈದೇನಿ, ಅಳಿಯನ್ನ ಬೇಕಾದ್ರ ಕೇಳ್ರಿ." ಸುಳ್ಳು ಎನ್ನಲು ಕೊಟ್ರೇಶ ಬಾಯಿ ತೆರೆದ. ಚಳಿಗಾಲದಲ್ಲಿ ನಾಲ್ಕಕ್ಕೇ ದೀಪ ಹಚ್ಚುತ್ತೇವೆಂದು ಮೊರಾಗಳೇ ಬರೆದಿದ್ದಳು. ಬೇಸಿಗೆಯೆಂದು ಅವನು ಧಾರಾಳವಾಗಿ ಮೂರು ತಾಸು ಕೂಡಿಸಿದ್ದ. ಬ್ಯಾಡಗಿಯಲ್ಲಿ ವರ್ಷವಿಡೀ ನೋಡಿದರೂ ಹೆಚ್ಚೆಂದರೆ ಒಂದು ತಾಸಿನ ಫರಕು. ಬೇಸಿಗೆಯ ಪತ್ರ ಯಾವುದಾದರೂ ಇದೆಯೇ ಎಂದು ನೆನಪಿನಲ್ಲಿ ಹುಡುಕಿದ, ಒಂದೂ ಇರಲಿಲ್ಲ. ಬೇಸಿಗೆಯಲ್ಲಿ ಚಹಾದ ಮನೆಯ ತುಂಬ ಗಿರಾಕಿಗಳು, ಆಕೆಗೆ ಬರೆಯಲು ಪುರುಸೊತ್ತೆಲ್ಲಿ? ಒಂಬತ್ತು ವರ್ಷ ಅವನು ಬರೀ ಚಳಿಗಾಲದ ಊರನ್ನು ಪ್ರೀತಿಸಿದ್ದ. ಈ ಕತ್ತೆಗೆ, ಮೀನಿನ ನಾತ ಎಂದು ಮೂಗು ಮುಚ್ಚಿಕೊಂಡು ಬಂದ ಈ ಕತ್ತೆಗೆ, ತನಗೆ ಗೊತ್ತಿಲ್ಲದ್ದು ಗೊತ್ತಿದೆ! ಸಿಟ್ಟು ನೆತ್ತಿಗೇರಿತು, ಕಾಗದ ಕೈಯಲ್ಲಿ ಮುದುಡಿತು. "ಹತ್ತರತನಾ ಬೆಳಕಿರತೈತಂತ ಆಕಿ ನನಗ ಒಮ್ಮೆರ ಬರೀಬೇಕಿತ್ತಿಲ್ರೀ!" ಎಂದು ಗಿರಣಿಯೆಲ್ಲ ಕೇಳುವಂತೆ ಕೂಗಿದ. ಇನ್‌ಸ್ಪೆಕ್ಟರರು ಅವನ ಕೈಯಿಂದ ಹಾಳೆ ಬಿಡಿಸಿಕೊಂಡು ನೀಟು ಮಾಡಿ, "ಯಾರು ಬರೀಬೇಕಿತ್ರಿ? ಕುಂದ್ರಿ, ಸಾವಕಾಶ ಹೇಳ್ರಿ," ಎಂದರು.